ಎಡಗೈಯ ಗರಿವಾಚು

ಈ ಅಧ್ಯಾಯದಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಮ್ಮ ಪಡಸಾಲೆಯ ಗೋಡೆಗೆ ಆಗ ಸುಣ್ಣ ಬಳಿದಿತ್ತೋ ಕೆಮ್ಮಣ್ಣು ಸಾರಿಸಿತ್ತೋ ನನಗೆ ಖಚಿತವಿಲ್ಲ. ಅಟ್ಟದ ಏಣಿಗೆ ಏಳು ಮೆಟ್ಟಿಲು ಎಂದು ನೆನಪು. ಆದರೆ ನಾನು ಎಣಿಸಲು ಕಲಿತದ್ದೇ ಆ ಏಣಿಯ ಮೇಲೆ. ಅದಕ್ಕೆ ಹತ್ತು ಮೆಟ್ಟಿಲಿದ್ದರೂ ನನ್ನ ಲೆಕ್ಕ ಏಳಕ್ಕೇ ನಿಂತಿದ್ದಿರಬಹುದು. ಇಂಥವು ತಪ್ಪಾದರೆ ಯಾರಿಗೂ ನಷ್ಟವಿಲ್ಲ. ಒಂದು ವಿವರ ಮಾತ್ರ ಹಾಗಲ್ಲ. ಅಮ್ಮ ಹೋಗಿ ವರ್ಷವಾದ ದಿನ ಊರಿನ ಮನೆಯಲ್ಲಿ ನೆಂಟರೆಲ್ಲ ಸೇರಿದ್ದಾಗ, ನನ್ನ ದಿನಚರಿಯಿಂದ ಎರಡು ಪುಟ ಓದಿದೆ. ‘ನನ್ನ ಕೈಗೆ ಮೊದಲ ವಾಚು ಕಟ್ಟಿದವಳು ಅಮ್ಮ. ತೆಂಗಿನ ಗರಿಯ ವಾಚು. ಅದಕ್ಕೆ ಮುಳ್ಳಿರಲಿಲ್ಲ, ಅಮ್ಮನಿಗೆ ಪುರುಸೊತ್ತಿರಲಿಲ್ಲ, ಆದರೂ ನಮ್ಮಿಬ್ಬರಿಗೆ ಹೊತ್ತು ಸಾಲದೆ ಹೋಗಲಿಲ್ಲ’ ಎಂದು ಅದರಲ್ಲಿತ್ತು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನಗೂ ಆ ವಾಕ್ಯದ ಮೇಲೆ ಮೋಹವಿತ್ತು. ಕೇಳಲು ಚಂದವಾದ ವಾಕ್ಯವನ್ನೇ ಮೊದಲು ಅನುಮಾನಿಸಿ, ಒಂದು ಮಾತಿಗೆ ಎರಡು ಆಧಾರ ಹುಡುಕಿ ಎಂದು ಕಾಲೇಜಿನ ಇತಿಹಾಸದ ತರಗತಿಯಲ್ಲಿ ಮೂವತ್ತು ವರ್ಷ ಹೇಳುತ್ತಾ ಬಂದವಳು ನಾನೇ. ಅವತ್ತು ಕಂಬಕ್ಕೊರಗಿ ಕೇಳುತ್ತಿದ್ದವರಲ್ಲಿ ಚಿಕ್ಕಮ್ಮ ಸಿದ್ದಗಂಗಮ್ಮನೂ ಇದ್ದರು. ಅಪ್ಪನ ತಮ್ಮನ ಹೆಂಡತಿ. ಎಂಬತ್ತರ ಹತ್ತಿರದ ವಯಸ್ಸು, ಸ್ವಂತ ಮಕ್ಕಳಿಲ್ಲ. ಎಲ್ಲರೂ ಊಟಕ್ಕೆದ್ದ ಮೇಲೆ ನನ್ನ ಬಳಿ ಬಂದರು.

“ಚೆಂದಾಗಿ ಬರ್ದಿದ್ದೀಯ ಕಣೇ ವನಜ,” ಎಂದರು. “ಅಕ್ಕ ಇದ್ದಿದ್ರೆ ಖುಷಿ ಪಡೋರು.”

ಆ ವಾಚು ಕಟ್ಟಿದ ಕೈ ನಿಜಕ್ಕೂ ಯಾರದು ಎಂಬುದು ಈಗ ನನ್ನ ಪ್ರಶ್ನೆ. ನಾನು ಓದಿದ್ದು ತಪ್ಪಾಗಿದ್ದರೆ, ಬದುಕಿರುವ ಒಬ್ಬರ ಎದುರಿಗೇ ಅವರದನ್ನು ಕಿತ್ತು ಸತ್ತವಳ ಕೈಗೆ ಕೊಟ್ಟಿದ್ದೇನೆ. ಅದಕ್ಕೇ ಮುಂದಿನ ನೆನಪುಗಳಲ್ಲಿ ಅಮ್ಮ ಎಂದು ಬರೆಯುವುದಿಲ್ಲ. ಸದ್ಯಕ್ಕೆ ‘ಆ ಕೈ’ ಎನ್ನುತ್ತೇನೆ.

ನೊಣವಿನಕೆರೆಯಿಂದ ತುರುವೇಕೆರೆ ಕಡೆಗೆ ಹೋಗುವಾಗ ಒಳಕ್ಕೆ ತಿರುಗಿದರೆ ನಮ್ಮೂರು. ಆ ಮನೆಯಲ್ಲಿ ಕೆಳಗೆ ನಾವಿದ್ದೆವು, ಮೇಲೆ ಕಾಯಿಗಳಿದ್ದವು. ಅಡುಗೆಮನೆ, ನಡುಮನೆ ಎರಡರ ಮೇಲೂ ಅಟ್ಟ. ಅಲ್ಲಿ ಸುಲಿಯದ ತೆಂಗಿನಕಾಯಿಗಳನ್ನು ಒಂದೊಂದು ಕೊಯ್ಲಿಗೆ ಒಂದೊಂದು ರಾಶಿಯಾಗಿ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಿದ್ದರು. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ತಾನೇ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುವವರೆಗೆ ಅವನ್ನು ಯಾರೂ ಮುಟ್ಟುವಂತಿರಲಿಲ್ಲ. ಒಲೆಯ ಹೊಗೆ ಮೇಲಕ್ಕೇರಿ ಕಾಯಿಗಳ ನಡುವೆ ಸುತ್ತಾಡಿ ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ತಾತ ಅಟ್ಟದ ಕೆಳಗೆ ಜೋರಾಗಿ ಮಾತಾಡುತ್ತಿರಲಿಲ್ಲ, ಮಗು ಮಲಗಿರುವ ಕೋಣೆಯಲ್ಲಿ ಮಾತಾಡುವ ಹಾಗೆ ಮಾತಾಡುತ್ತಿದ್ದರು. ಕಾಯಿ ಎಷ್ಟು ಒಣಗಿದೆ ಎಂದು ಒಡೆಯದೆ ತಿಳಿಯಲು ಕಿವಿಯೊಂದೇ ದಾರಿ. ಮೊದಮೊದಲು ಅಲ್ಲಾಡಿಸಿದರೆ ನೀರು ಕುಳುಕುಳು ಎನ್ನುತ್ತದೆ. ನಡುವಿನ ತಿಂಗಳುಗಳಲ್ಲಿ ಏನೂ ಸದ್ದಿಲ್ಲ. ಕೊನೆಗೊಂದು ದಿನ ಒಳಗೆ ಉಂಡೆ ಲೊಟಲೊಟ ಉರುಳುತ್ತದೆ. ಆ ಕೈ ಈ ಮೂರು ಬಗೆಯ ಕಾಯಿಗಳನ್ನು ಒಂದೊಂದಾಗಿ ನನ್ನ ಮಡಿಲಿಗಿಟ್ಟು, ನನ್ನನ್ನೂ ಕಾಯಿಯನ್ನೂ ಒಟ್ಟಿಗೆ ತೂಗುತ್ತಿತ್ತು. ಅವಕ್ಕೆ ಹೆಸರೂ ಇದ್ದವು: ನೀರಮ್ಮ, ಮೂಗಮ್ಮ, ಗಿಲಕಮ್ಮ. ನನ್ನ ತಲೆಯಷ್ಟೇ ದಪ್ಪದ ಕಾಯಿಗೆ ಕಿವಿಯೊತ್ತಿದಾಗ ಮೇಲಿನ ನಾರಿನ ಮಟ್ಟೆ ಕೆನ್ನೆಗೆ ತರಚುತ್ತಿತ್ತು. ಆ ತರಚು ಈಗಲೂ ಗೊತ್ತು.

ಮನೆಯ ಹೆಂಗಸರು ತೋಟಕ್ಕೆ ಹೋದ ಮೇಲೆ ಹಿತ್ತಲ ಬಾಗಿಲ ಬಳಿ ನಮ್ಮ ಆಟ ಶುರುವಾಗುತ್ತಿತ್ತು. ಅದಕ್ಕೆ ತಂದ ಸಾಮಾನು ಒಂದೂ ಇರಲಿಲ್ಲ. ಮೊರದಲ್ಲಿ ರಾಗಿ ಹರಡಿ ನನ್ನ ಎರಡು ಕೈಗಳನ್ನೂ ಅದರೊಳಗೆ ಹೂತು, ಬೆರಳು ಹುಡುಕುವ ಆಟ. ಚಿಪ್ಪಿನ ಮೂರು ಕಣ್ಣುಗಳಲ್ಲಿ ಒಂದು ಮೆತ್ತಗಿರುತ್ತದೆ; ಅದಕ್ಕೆ ಕಡ್ಡಿ ಚುಚ್ಚಿ ತೂತು ಮಾಡಿ ಕೊಟ್ಟರೆ, ತೊಟ್ಟಿಯ ನೀರು ತುಂಬಿ ಎತ್ತಿದಾಗ ದಾರದಂತೆ ಸುರಿಯುತ್ತದೆ. ಆ ದಾರವನ್ನು ಹಿಡಿಯಲು ಹೋಗಿ ಅರ್ಧ ದಿನ ಕಳೆದಿದ್ದೇನೆ. ಮಟ್ಟೆಯ ತುಂಡಿನ ತುದಿ ಜಜ್ಜಿದರೆ ಅದೇ ಬ್ರಷ್ಷು, ಕೆಮ್ಮಣ್ಣು ಕಲಸಿದರೆ ಅದೇ ಬಣ್ಣ, ಹಿತ್ತಲ ಗೋಡೆಯೇ ಹಾಳೆ. ಬೆಳಿಗ್ಗೆ ತಾತನ ಪೂಜೆ ಮುಗಿದಾಗ ತಟ್ಟೆಯಲ್ಲಿ ಉಳಿದ ವಿಭೂತಿ ನನಗೆ. ಮೂರು ಬೆರಳು ಅದ್ದಿ ಕಪ್ಪು ಕಲ್ಲಿನ ಹೊಸ್ತಿಲ ಮೇಲೆ ಎಳೆದರೆ ಮೂರು ಬಿಳಿ ಗೆರೆ. ಮನೆಯಲ್ಲಿ ಎಲ್ಲದಕ್ಕೂ ಮಡಿ ನೋಡುತ್ತಿದ್ದ ತಾತ ಇದಕ್ಕೆ ಮಾತ್ರ ಏನೂ ಅನ್ನುತ್ತಿರಲಿಲ್ಲ. ಹೊಸ್ತಿಲಿಗೂ ಶಿವ ಬೇಕಲ್ಲ ಎಂದು ದಾಟಿಕೊಂಡು ಹೋಗುತ್ತಿದ್ದರು. ಆಟಕ್ಕೆ ಕಟ್ಟುನಿಟ್ಟಾದ ನಿಯಮವೊಂದಿತ್ತು: ಬಾಯಿಗೆ ಹಿಡಿಯುವಷ್ಟು ಚಿಕ್ಕ ವಸ್ತು ಕೈಗೆ ಕೊಡಬಾರದು. ಹುಣಸೆಬೀಜ, ಅವರೆಕಾಳು, ಗುಲಗಂಜಿ ಯಾವುದೂ ಇಲ್ಲ. ರಾಗಿಯ ಮೊರದ ಮುಂದೆ ಕೂತಾಗ ಆ ಕೈ ನನ್ನ ಬಾಯಿಂದ ಒಂದು ಗೇಣು ದೂರದಲ್ಲೇ ಇರುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಆಟ ಬಸ್ಸಿನದು. ಹಿತ್ತಲಲ್ಲಿ ಒಂದು ಸಾಲಾಗಿ ತೆಂಗಿನ ನಾರು, ಹಸಿ ಮಣ್ಣು, ಮರಳು, ಕೊನೆಗೆ ಬಟ್ಟೆ ಒಗೆಯುವ ತಣ್ಣನೆಯ ಕಲ್ಲು. ಬರಿಗಾಲಲ್ಲಿ ಒಂದೊಂದನ್ನೇ ತುಳಿಯುತ್ತ ಹೋಗಬೇಕು. ಒಂದೊಂದಕ್ಕೂ ಒಂದೊಂದು ಊರು. ನಾರು ದಬ್ಬೇಘಟ್ಟ, ಹಸಿ ಮಣ್ಣು ತುರುವೇಕೆರೆ, ಕಲ್ಲು ತಿಪಟೂರು. ಮರಳಿನ ಊರು ಯಾವುದೆಂದು ಮರೆತುಹೋಗಿದೆ. ಅಲ್ಲಿ ನಿಂತು ಕೈ ಬೀಸಬೇಕಿತ್ತು ಎಂಬುದಷ್ಟೇ ನೆನಪು. ಯಾರಿಗೆ, ಯಾಕೆ ಎಂದು ಗೊತ್ತಿಲ್ಲ. ಬಸ್ಸೆಂದ ಮೇಲೆ ಯಾರಿಗಾದರೂ ಟಾಟಾ ಮಾಡಬೇಕಲ್ಲ ಎಂದುಕೊಂಡಿದ್ದೆ. ಎರಡು ಮೂರು ವರ್ಷದ ಮಗುವಿಗೆ ಇಷ್ಟೆಲ್ಲ ನೆನಪಿರುವುದಿಲ್ಲ ಎಂದು ನನಗೂ ಗೊತ್ತು. ಆಮೇಲೆ, ಆರೇಳು ವರ್ಷದವಳಾಗಿದ್ದಾಗ, ಅಕ್ಕಪಕ್ಕದ ಮನೆಯ ಕೂಸುಗಳು ಇದೇ ಆಟ ಆಡುವುದನ್ನು ನೋಡಿದ್ದೇನೆ. ನಾನು ನನ್ನದೆಂದು ಇಟ್ಟುಕೊಂಡಿರುವ ಪಾದಗಳಲ್ಲಿ ಕೆಲವು ಅವುಗಳ ಪಾದಗಳಿರಬೇಕು.

ಊಟದ ಹೊತ್ತಿನ ನೆನಪುಗಳು ಇನ್ನಷ್ಟು ಗಟ್ಟಿ, ಯಾಕೆಂದರೆ ಅವು ಹತ್ತು ಹನ್ನೆರಡು ವರ್ಷ ಒಂದೇ ತರಹ ನಡೆದವು. ತಾತನಿಗೆ ಮಣೆ, ಅಪ್ಪ ಚಿಕ್ಕಪ್ಪಂದಿರಿಗೆ ಚಾಪೆ, ನಮಗೆ ನೆಲ. ಮುದ್ದೆ ತಿರುವಿದ ಪಾತ್ರೆಯ ತಳದಲ್ಲಿ ಅಂಟಿದ ಹಿಟ್ಟನ್ನು ಕೆರೆದು ಆರಿಸಿ, ಅಂಗೈಯಷ್ಟು ಉಂಡೆ ಮಾಡಿ ನನಗೆ ಆಡಲು ಕೊಡುತ್ತಿದ್ದರು. ಅದರಲ್ಲಿ ನಾನು ಹಸು ಮಾಡಿ, ಎಮ್ಮೆ ಮಾಡಿ, ಕೊನೆಗೆ ಸಾರಿಗೆ ಅದ್ದಿ ತಿನ್ನುತ್ತಿದ್ದೆ. ಅಜ್ಜಿ ತಿನ್ನುವಾಗಲೂ ಸೊಸೆಯರ ಕೈಗಳ ಮೇಲೇ ಕಣ್ಣಿಟ್ಟಿರುತ್ತಿದ್ದಳು. ಚಿಕ್ಕಮ್ಮ ಎಡಗೈಯವರು. ಮದುವೆಯಾಗಿ ಬಂದ ವರ್ಷವೇ ಬಡಿಸುವುದು, ಕುಂಕುಮ ಇಡುವುದು, ಹಾಲು ಕರೆಯುವುದು ಎಲ್ಲವನ್ನೂ ಬಲಗೈಗೆ ತಿರುಗಿಸಿಕೊಂಡಿದ್ದರಂತೆ. ಅವಸರದಲ್ಲಿ ಸೌಟು ಎಡಕ್ಕೆ ಜಾರಿದರೆ ಅಜ್ಜಿ ತಟ್ಟೆ ಹಿಂದಕ್ಕೆಳೆದುಕೊಳ್ಳುತ್ತಿದ್ದಳು.

“ಎಡಚೀ, ಯಾವ ಕೈಲಿ ಬಡುಸ್ತಾ ಇದ್ದೀಯ ನೋಡ್ಕ.”

ಅಮ್ಮನಿಗೆ ಬೇರೆ ಮಾತು. ಅಮ್ಮನ ತವರು ಹುಳಿಯಾರಿನ ಹತ್ತಿರದ ಕೆಂಕೆರೆ. ಅವರದು ರಾಗಿ ಹೊಲದ ಮನೆ. ಚಪ್ಪರಕ್ಕೆ ಗರಿ ಹೆಣೆಯುವ ದಿನ ಬಂತೆಂದರೆ ಅಜ್ಜಿ ಅಮ್ಮನನ್ನು ಬಿಡುತ್ತಿರಲಿಲ್ಲ.

“ದೊಡ್ಡ ಸೊಸೆ ಬುಡು. ಗರಿ ಕೊಟ್ರೆ ಪೊರಕೆ ಮಾಡ್ತಾಳೆ.”

ಅಮ್ಮ ನಗುತ್ತಿದ್ದಳು. ರಾಗಿ ಬೀಸೋ ದಿನ ನನ್ನ ಕರೀರಿ ಅತ್ತೆ ಎನ್ನುತ್ತಿದ್ದಳು. ನನಗೆ ಅಕ್ಷರ ಕಲಿಸಿದವಳು ಅಮ್ಮ. ಮೊರದಲ್ಲಿ ರಾಗಿ ಹಿಟ್ಟು ಹರಡಿ ಅದರ ಮೇಲೆ ಬೆರಳು ಹಿಡಿದು ಬರೆಸಿದಳು. ಅದು ಅಮ್ಮನ ಕೈಯೇ, ಅದರಲ್ಲಿ ಅನುಮಾನವಿಲ್ಲ. ಆಗ ನಾನು ಐದು ವರ್ಷದವಳು, ತಮ್ಮ ರುದ್ರೇಶ ಹಿಟ್ಟಿನೊಳಗೆ ಕೂತು ನನ್ನ ‘ಅ’ವನ್ನು ಅಳಿಸುತ್ತಿದ್ದ. ಅಜ್ಜಿಯ ಈ ಎರಡು ಮೂದಲಿಕೆಗಳೂ ನನ್ನ ಹಳೆಯ ದಿನಚರಿಯಲ್ಲಿವೆ. ಗರಿಯ ವಾಚಿನ ಪುಟ ಬೇರೆ ಪುಸ್ತಕದಲ್ಲಿದೆ. ಎರಡನ್ನೂ ಪಕ್ಕದಲ್ಲಿಟ್ಟು ಓದುವ ಯೋಚನೆ ಇಷ್ಟು ವರ್ಷ ನನಗೆ ಬರಲಿಲ್ಲ.

ಆ ವರ್ಷಗಳಿಂದ ಉಳಿದ ಜಗಳ ಒಂದೇ. ಕೊಬ್ಬರಿ ಸುಲಿಯುವ ದಿನ. ಅಟ್ಟದ ಒಣಗಿದ ರಾಶಿಯನ್ನು ಇಳಿಸಿ, ಮಟ್ಟೆ ಸುಲಿದು, ಚಿಪ್ಪನ್ನು ಹುಷಾರಾಗಿ ಒಡೆದು ಉಂಡೆಯನ್ನು ಇಡಿಯಾಗಿ ತೆಗೆಯುತ್ತಿದ್ದರು. ಆ ಸಲ ಹತ್ತಾರು ಕಾಯಿಗೊಮ್ಮೆ ಹಸಿಯದು ಬಂತು. ಚಿಪ್ಪಿಗೆ ಅಂಟಿಕೊಂಡ ತಿರುಳು ಉಂಡೆಯಾಗಿ ಬಿಡದೆ ಚೂರುಚೂರಾಯಿತು. ಒಣಗಿದ ರಾಶಿಯೊಳಗೆ ಹಸಿ ಕಾಯಿ ಸೇರುವುದೆಂದರೆ ನಮ್ಮ ಮನೆಯಲ್ಲಿ ನಡೆಯದ ಮಾತು. ಆಡಿಸಲು ಮೂರು ರಾಶಿಯಿಂದ ಒಂದೊಂದು ಕಾಯಿ ಇಳಿಸಿದ ಆ ಕೈ, ಆಟ ಮುಗಿದ ಮೇಲೆ ಎಲ್ಲವನ್ನೂ ಏಣಿಗೆ ಹತ್ತಿರವಿದ್ದ ಒಂದೇ ರಾಶಿಗೆ ಹಾಕಿತ್ತು. ದಿನವೂ ಹಾಗೇ ಮಾಡಿತ್ತು. ತಾತ ಒಂದು ಚೂರನ್ನು ಕೈಯಲ್ಲಿ ಹಿಡಿದು ನಡುಮನೆಗೆ ಬಂದರು. ಕೂಗಲಿಲ್ಲ. ನನ್ನ ಕಣ್ಣಿಗೆ ಉಳಿದಿರುವುದು ಬಾಗಿಲಿಗೆ ಬೆನ್ನುಕೊಟ್ಟು ನಿಂತ ಒಬ್ಬಳು, ಹಸಿರು ಸೀರೆಯ ಅಂಚು, ನೆಲ ಕೆರೆಯುತ್ತಿದ್ದ ಕಾಲಿನ ಹೆಬ್ಬೆರಳು. ಮುಖ ಇಲ್ಲ, ನಾನು ಅಷ್ಟೆತ್ತರ ಇರಲಿಲ್ಲ.

“ಅಟ್ಟ ಹತ್ತಿದ್ದು ಯಾರು?”

“ನಾನೇ ಮಾವ. ಮಗು ಅಳ್ತಿತ್ತು.”

“ಅಳೋ ಮಗೀಗೆ ಅಟ್ಟದ ಕಾಯೇ ಬೇಕಾ?”

“ಅದ್ರ ಸದ್ದು ಕೇಳಿದ್ರೆ ಸುಮ್ಕಾಗೋದು.”

ತಾತ ಚೂರನ್ನು ನನ್ನ ಬಾಯಿಗಿಟ್ಟು ಹೊರಗೆ ಹೋದರು. ಅರೆ ಒಣಗಿದ ಕೊಬ್ಬರಿಯ ಸಿಹಿ ಬೇರೆ ಯಾವುದಕ್ಕೂ ಇಲ್ಲ. ದಿನಚರಿಯಲ್ಲಿ ಆ ಹಸಿರು ಸೀರೆಯವಳನ್ನು ಅಮ್ಮ ಎಂದೇ ಬರೆದಿದ್ದೇನೆ. ಮಗು ಯಾಕೆ ದಿನವೂ ಅಳುತ್ತಿತ್ತು ಎಂದು ಮಾತ್ರ ಕೇಳಿಕೊಂಡಿರಲಿಲ್ಲ.

ಈ ಬೇಸಿಗೆಯಲ್ಲಿ ಮಗಳು ಶ್ರುತಿ ತನ್ನ ಮಗಳು ಇಳಾಳನ್ನು ಕರೆದುಕೊಂಡು ಹತ್ತು ದಿನಕ್ಕೆಂದು ಊರಿಗೆ ಬಂದಳು. ನಾನೂ ಜೊತೆಗೆ ಹೋದೆ. ಇಳಾಗೆ ಎರಡು ವರ್ಷ, ಮೇಲೆ ಎರಡು ತಿಂಗಳು. ಮನೆಯನ್ನೂ ತೋಟವನ್ನೂ ಈಗ ರುದ್ರೇಶ ನೋಡಿಕೊಳ್ಳುತ್ತಾನೆ, ಚಿಕ್ಕಮ್ಮ ಅವನ ಜೊತೆಗಿದ್ದಾರೆ. ಶ್ರುತಿ ಫೋನಿನಲ್ಲಿ ಪಟ್ಟಿ ಮಾಡಿಕೊಂಡು ಬಂದಿದ್ದಳು, ಯಾವ ದಿನ ಯಾವ ಆಟವೆಂದು. ಅರಿಶಿನ ಹಾಕಿ ಹಳದಿ ಮಾಡಿದ ಅಕ್ಕಿ, ಬೀಟ್‌ರೂಟ್ ರಸದಲ್ಲಿ ನೆನೆಸಿ ಒಣಗಿಸಿದ ಕೆಂಪು ಅಕ್ಕಿ, ಮೈದಾ ಕಲಸಿದ ಹಿಟ್ಟಿನ ಉಂಡೆ, ಹತ್ತಿ, ಸ್ಪಂಜು, ಬೇರೆಬೇರೆ ಬಟ್ಟೆಯ ತುಂಡು ಅಂಟಿಸಿದ ರಟ್ಟು. ಎಲ್ಲ ಪ್ಲಾಸ್ಟಿಕ್ ಡಬ್ಬಿಗಳಲ್ಲಿ. ಚಿಕ್ಕಮ್ಮ ಜಗಲಿಯಲ್ಲಿ ಕೂತು ಡಬ್ಬಿಗಳು ಒಂದೊಂದಾಗಿ ತೆರೆಯುವುದನ್ನು ನೋಡಿದರು.

“ಇದೇನವ್ವಾ, ಮದುವೆ ಮನೆ ಅಕ್ಷತೆ ತಂದಂಗೆ ತಂದಿದ್ದೀಯ?”

“ಮಗು ಮುಟ್ಟಿ ಮುಟ್ಟಿ ಕಲೀಲಿ ಅಂತ ಅಜ್ಜಿ. ಬೆರಳಿಗೆ ಬುದ್ಧಿ ಬರುತ್ತೆ.”

“ಬರ್ಲಿ ಬುಡು. ನಮ್ಮ ಕಾಲದಲ್ಲಿ ಬೆರಳಿಗೆ ಮಣ್ಣು ಬರೋದು, ಬುದ್ಧಿ ಆಮ್ಯಾಕೆ ಬರೋದು.”

ಇಳಾ ಹಳದಿ ಅಕ್ಕಿಯನ್ನು ಕಾಲು ಗಂಟೆ ಆಡಿ, ಉಳಿದದ್ದನ್ನು ಕೋಳಿಗಳಿಗೆ ಎರಚಿ, ಚಿಕ್ಕಮ್ಮನ ಮಡಿಲು ಹತ್ತಿ ಕೂತಳು. ಆ ವಯಸ್ಸಿಗೆ ಸೀರೆ ಉಟ್ಟವರೆಲ್ಲ ಅವಳಿಗೆ ಅಮ್ಮ. ಚಿಕ್ಕಮ್ಮನ ಗಲ್ಲ ಹಿಡಿದು ಅಮ್ಮ ಎಂದಳು. ಚಿಕ್ಕಮ್ಮ ತಟ್ಟನೆ ಅವಳ ಮುಖವನ್ನು ಶ್ರುತಿಯ ಕಡೆಗೆ ತಿರುಗಿಸಿದರು.

“ಅಮ್ಮ ನಾನಲ್ಲ ಕೂಸೇ. ಅಮ್ಮ ಅಗೋ, ಅಲ್ಲಿ.”

ಎಷ್ಟು ಸರಾಗವಾಗಿ ಬಂತು ಆ ಮಾತು. ಅವತ್ತು ನಾನದನ್ನು ಗಮನಿಸಿ ಬರೆದುಕೊಂಡೆ, ಯಾಕೆಂದು ಗೊತ್ತಿರಲಿಲ್ಲ.

ಮಾರನೆಯ ದಿನ ಡಬ್ಬಿಗಳು ಮೂಲೆ ಸೇರಿದವು. ಚಿಕ್ಕಮ್ಮ ರುದ್ರೇಶನಿಂದ ಎಳೆಯ ಗರಿ ತರಿಸಿ, ಕಡ್ಡಿ ಸೀಳಿ, ಇಳಾಗೆ ಹಾವು, ಗಿರಗಿಟ್ಲೆ, ಪೀಪಿ ಎಲ್ಲ ಮಾಡಿಕೊಟ್ಟರು. ಕೊನೆಗೆ ವಾಚು. ಬಲಗೈ ಗರಿಯನ್ನು ಸುಮ್ಮನೆ ಹಿಡಿದುಕೊಂಡಿತ್ತು. ಮಡಿಸುವುದು, ಸುತ್ತುವುದು, ಎಳೆಯುವುದು ಎಲ್ಲ ಎಡಗೈ. ಬಡಿಸದಂತೆ, ಕುಂಕುಮವಿಡದಂತೆ ಅಜ್ಜಿ ಕಟ್ಟಿಹಾಕಿದ್ದ ಆ ಕೈಗೆ ಈ ಮನೆಯಲ್ಲಿ ಅಡ್ಡಿಯಿಲ್ಲದೆ ಉಳಿದಿದ್ದ ಕೆಲಸ ಇದೊಂದೇ ಇರಬೇಕು. ಮಕ್ಕಳ ಆಟಕ್ಕೆ ಶಕುನವಿಲ್ಲವಲ್ಲ. ಇಳಾಗೆ ಎರಡು ಕೈಗೂ ವಾಚು ಬೇಕಾಯಿತು. ಚಿಕ್ಕಮ್ಮ ಒಂದು ಹೆಣೆಯುವಷ್ಟರಲ್ಲಿ ನಾನೂ ಒಂದು ಗರಿ ತೆಗೆದುಕೊಂಡು ಹೆಣೆಯತೊಡಗಿದೆ. ಎಷ್ಟೋ ವರ್ಷದಿಂದ ಮುಟ್ಟಿರಲಿಲ್ಲ, ಆದರೂ ಬೆರಳು ತಾವಾಗಿಯೇ ನಡೆದವು. ಶ್ರುತಿ ಫೋನಿನಲ್ಲಿ ವಿಡಿಯೊ ತೆಗೆಯುತ್ತಿದ್ದಳು.

“ಅಮ್ಮ, ನೀನು ಬಲಗೈಯವಳಲ್ವಾ?”

“ಹೌದು, ಯಾಕೆ?”

“ನೀನೂ ಎಡಗೈಲೇ ಮಾಡ್ತಿದ್ದೀಯ, ನೋಡು.”

ವಿಡಿಯೊ ನೋಡಿದೆ. ಅಕ್ಕಪಕ್ಕ ಎರಡು ಜೊತೆ ಕೈ, ಒಂದು ಸುಕ್ಕು ಹೆಚ್ಚಾದದ್ದು, ಒಂದು ಸ್ವಲ್ಪ ಕಡಿಮೆ. ಎರಡರಲ್ಲೂ ಬಲಗೈ ಸುಮ್ಮನಿದೆ, ಎಡಗೈ ದುಡಿಯುತ್ತಿದೆ. ಬರೆಯುವುದು, ತಿನ್ನುವುದು, ತರಕಾರಿ ಹೆಚ್ಚುವುದು, ಜಡೆ ಹಾಕುವುದು ಎಲ್ಲಕ್ಕೂ ನಾನು ಬಲಗೈಯವಳು. ಅಂಗಳದಲ್ಲೇ ಕೂತು ನನಗೆ ನಾನೇ ಪಾಠ ಮಾಡಿಕೊಂಡೆ. ಎಡಗೈಯವರ ಎದುರಿಗೆ ಕೂತು ನೋಡಿ ಕಲಿತಿದ್ದರೆ ಅದು ಕನ್ನಡಿಯಲ್ಲಿ ಕಂಡಂತೆ ನನ್ನ ಬಲಗೈಗೆ ಬರಬೇಕಿತ್ತು. ಅವರ ಮಡಿಲಲ್ಲಿ, ಅವರ ಎದೆಗೆ ಬೆನ್ನುಕೊಟ್ಟು, ನನ್ನ ಕೈ ಮೇಲೆ ಅವರ ಕೈ ಇದ್ದರೆ ಮಾತ್ರ ಎಡಗೈ ಎಡಗೈಗೇ ಬರುತ್ತದೆ. ಎರಡು ವರ್ಷದ ಮಗು ಹೆಣೆಯಲಾರದು. ನಾಲ್ಕೋ ಐದೋ ಆಗಿರಬೇಕು. ಹಾಗಾದರೆ ನಾನು ಆ ಮಡಿಲಲ್ಲಿ ಬಹಳ ಕಾಲ ಕೂತಿದ್ದೇನೆ. ಆದರೂ ಇದು ಒಂದೇ ಆಧಾರ. ಚಿಕ್ಕಮ್ಮ ನನಗೆ ಹೆಣೆಯಲು ಕಲಿಸಿದ ಮಾತ್ರಕ್ಕೆ ಮೊದಲ ವಾಚು ಕಟ್ಟಿದವರೂ ಅವರೇ ಆಗಬೇಕಿಲ್ಲ ಎಂದು ನನ್ನೊಳಗಿನ ಮೇಷ್ಟರು ತಕರಾರು ತೆಗೆದರು. ನಿಜ ಹೇಳಬೇಕೆಂದರೆ, ಆ ತಕರಾರು ಗೆಲ್ಲಲಿ ಎಂದೇ ನನಗಿತ್ತು. ಓದಿದ ಪುಟವನ್ನು ಹಿಂದಕ್ಕೆ ತೆಗೆದುಕೊಂಡರೆ ಅಮ್ಮನಿಂದ ಏನೋ ಕಿತ್ತುಕೊಂಡಂತೆ.

ಎರಡನೆಯ ಆಧಾರ ಹಿತ್ತಲಲ್ಲಿ ಸಿಕ್ಕಿತು. ಸಂಜೆ ಚಿಕ್ಕಮ್ಮ ಇಳಾಗೆ ಬಸ್ಸಿನ ಆಟ ಆಡಿಸುತ್ತಿದ್ದರು. ನಾರು, ಹಸಿ ಮಣ್ಣು, ಮರಳು, ಕಲ್ಲು, ಎಲ್ಲ ಹಾಗೇ ಇತ್ತು. ಶ್ರುತಿ ಕಲ್ಲಿನ ಪಕ್ಕದಲ್ಲಿ ನಿಂತು ವಿಡಿಯೊ ತೆಗೆಯುತ್ತಿದ್ದಳು, ನಾನು ಬಾಗಿಲಲ್ಲಿದ್ದೆ. ಚಿಕ್ಕಮ್ಮ ಸೊಂಟ ಬಗ್ಗಿಸಿ ಮಗುವಿನ ಎರಡು ಕೈ ಹಿಡಿದು ನಡೆಸಿದರು.

“ದಬ್ಬೇಘಟ್ಟ ಬಂತು, ಇಳೀರಿ ಇಳೀರಿ. ಚುಚ್ತೈತಾ? ಚುಚ್ಲಿ ಬುಡು. ಈಗ ತುರುವೇಕೆರೆ, ಜಾರ್ತೈತೆ, ಮೆಲ್ಲಕೆ. ಈಗ ಯಾವೂರು? ಈಗ ಕೆಂಕೆರೆ. ನಿಂತ್ಕ. ಇಲ್ಲಿ ಅಮ್ಮ ಐತೆ ನೋಡು. ಅಮ್ಮಂಗೆ ಟಾಟಾ ಮಾಡು. ಅಮ್ಮ ಬೇಗ ಬತ್ತೈತೆ, ಅಳಬಾರ್ದು.”

ಇಳಾ ಮರಳಿನ ಮೇಲೆ ನಿಂತು, ಯಾರೂ ಇಲ್ಲದ ಬೇಲಿಯ ಕಡೆಗೆ ಕೈ ಬೀಸಿದಳು. ಶ್ರುತಿ ನಕ್ಕಳು.

“ಅಜ್ಜಿ, ಅಮ್ಮ ಎಲ್ಲೂ ಹೋಗಿಲ್ಲ. ನಾನಿಲ್ಲೇ ಇದ್ದೀನಲ್ಲ.”

ಚಿಕ್ಕಮ್ಮ ತಲೆಯೆತ್ತಿ ಮೊದಲು ಶ್ರುತಿಯನ್ನೂ ಆಮೇಲೆ ಬಾಗಿಲಲ್ಲಿದ್ದ ನನ್ನನ್ನೂ ನೋಡಿದರು. ಮಗುವನ್ನೆತ್ತಿ ಕಲ್ಲಿನ ಮೇಲೆ ನಿಲ್ಲಿಸಿದರು. ತಿಪಟೂರು ಬಂತು ಎಂದು ಹೇಳುವುದನ್ನು ಮರೆತರು.

ರುದ್ರೇಶ ತೋಟದಿಂದ ಬಂದು ಕೈಕಾಲು ತೊಳೆಯುತ್ತಿದ್ದ. ಅವನನ್ನು ತೊಟ್ಟಿಯ ಬಳಿಯೇ ಹಿಡಿದೆ. ಅವನು ಹುಟ್ಟಿದಾಗ ಅಮ್ಮ ಬಾಣಂತನಕ್ಕೆ ಕೆಂಕೆರೆಗೆ ಹೋಗಿದ್ದದ್ದು ಎಷ್ಟು ದಿನ ಎಂದು ಕೇಳಿದೆ. ಮೂರು ತಿಂಗಳೆಂದು ನಾನು ಬರೆದುಕೊಂಡಿದ್ದೆ. ಎಲ್ಲರೂ ಮೂರು ತಿಂಗಳಿಗೇ ಹೋಗುವುದಲ್ಲವೆ.

“ಮೂರು ತಿಂಗ್ಳಾ? ನಾನು ನಡ್ಕಂಡೇ ಈ ಮನೆ ಹೊಸ್ತಿಲು ದಾಟಿದ್ದು ಅಂತ ತಾತ ರೇಗಿಸ್ತಿರ್ಲಿಲ್ವಾ? ಹೆರಿಗೆ ಆದ್ಮೇಲೆ ಅಮ್ಮಂಗೆ ಎದ್ದು ನಿಲ್ಲೋ ಶಕ್ತಿ ಇರ್ಲಿಲ್ವಂತೆ. ಒಂದೂವರೆ ವರ್ಷ ಅಲ್ಲೇ.”

“ನನ್ನ ಯಾಕೆ ಕರ್ಕೊಂಡು ಹೋಗಿರ್ಲಿಲ್ಲ?”

“ಕರ್ಕಂಡು ಹೋಗಿದ್ರಂತೆ. ಮಲಗಿದ್ದೋಳ ಮೇಲೆ ಬಿದ್ದು ಬಿದ್ದು ಅಳ್ತೀಯ ಅಂತ ವಾಪಸ್ ಕಳ್ಸಿದ್ರಂತೆ.”

“ಕೊಬ್ಬರಿಲಿ ಹಸಿ ಕಾಯಿ ಬಂದ ವರ್ಷ?”

“ಅದೇ ವರ್ಷ. ನಾನು ಹುಟ್ಟಿದ್ದೇ ಕೆಟ್ಟ ಗಳಿಗೆ ಅಂತ ಅಜ್ಜಿ ಎಷ್ಟು ಸಲ ಅಂದಿಲ್ಲ.”

“ಅಮ್ಮಂಗೆ ಗರಿ ಹೆಣೆಯೋಕೆ ಬರ್ತಿತ್ತಾ ರುದ್ರೇಶ?”

ಅವನು ಒದ್ದೆ ಕೈ ಒರೆಸಿಕೊಳ್ಳುತ್ತ ನಕ್ಕ. “ಅಕ್ಕಾ, ಅಮ್ಮಂಗೆ ಚಪ್ಪರಕ್ಕೆ ಗರಿ ಎತ್ತಿ ಕೊಡೋಕೇ ಬರ್ತಿರ್ಲಿಲ್ಲ. ಹೋದ ವರ್ಷ ನೀನು ಓದ್ದಾಗ ನಂಗೆ ಅನ್ಸ್ತು. ಎಲ್ರೂ ಅಳ್ತಾ ಕೂತಿದ್ರು, ಮಧ್ಯೆ ಎಂಗೆ ಹೇಳ್ಲಿ?”

“ಆಮೇಲಾದ್ರೂ ಹೇಳ್ಬೋದಿತ್ತು.”

“ನೀನು ಕೇಳ್ಲಿಲ್ವಲ್ಲ. ನೀನು ಬರ್ಕಂತಿದ್ದೆ.”

ಆ ಮಾತು ಸರಿಯಾಗಿಯೇ ನಾಟಿತು. ಎಲ್ಲರಿಗೂ ಗೊತ್ತಿದ್ದದ್ದು ಬರೆಯುವವಳಿಗೊಬ್ಬಳಿಗೆ ಗೊತ್ತಿರಲಿಲ್ಲ. ಅಮ್ಮನೂ ಹೇಳಿರಲಿಲ್ಲ. ಗರಿಯ ವಾಚಿನ ಕಥೆಯನ್ನು ಅಮ್ಮನ ಎದುರಿಗೇ ಎರಡು ಮೂರು ಸಲ ಹೇಳಿದ್ದೆ. ಪ್ರತಿಸಲವೂ ಅವಳು ಹೂಂ ಎಂದು, ಒಲೆಯ ಮುಂದಕ್ಕೋ ಬಟ್ಟೆ ಮಡಿಸುವ ಕಡೆಗೋ ತಿರುಗುತ್ತಿದ್ದಳು. ಅದನ್ನು ಸಂಕೋಚ ಎಂದುಕೊಂಡಿದ್ದೆ. ಈಗ ಬೇರೆ ಏನೇನೋ ಅನ್ನಿಸುತ್ತದೆ. ಮಲಗಿದಲ್ಲಿಂದ ಏಳಲಾಗದೆ ಹಿರಿಯ ಮಗಳನ್ನು ವಾಪಸು ಕಳಿಸಿದವಳಿಗೆ, ಆ ಮಗಳು ತಾನಾಗಿಯೇ ಆ ವರ್ಷಗಳನ್ನು ತಂದು ಮಡಿಲಿಗೆ ಹಾಕಿದರೆ, ಇದು ನನ್ನದಲ್ಲ ಎಂದು ಹೇಗೆ ಹೇಳುತ್ತಾಳೆ? ಆದರೆ ಇದೂ ನನ್ನ ಊಹೆ. ಚಂದವಾಗಿ ಬಂದಿರುವುದರಿಂದ ಇದನ್ನೂ ಅನುಮಾನಿಸಬೇಕು.

ಹೊರಡುವ ದಿನ ಬೆಳಿಗ್ಗೆ ಚಿಕ್ಕಮ್ಮ ಜಗಲಿಯಲ್ಲಿ ಕೂತು, ಇಳಾ ದಾರಿಯಲ್ಲಿ ಆಡಲೆಂದು ಇನ್ನಷ್ಟು ಗರಿ ಸೀಳುತ್ತಿದ್ದರು. ನಾನು ಪಕ್ಕದಲ್ಲಿ ಕೂತೆ.

“ಹೋದ ವರ್ಷ ನಾನು ಓದಿದ್ದು ತಪ್ಪು, ಚಿಕ್ಕಮ್ಮ.”

“ಯಾವುದೇ?”

“ವಾಚಿಂದು. ಕಟ್ಟಿದ್ದು ಅಮ್ಮ ಅಲ್ಲ.”

ಅವರು ಗರಿಯಿಂದ ಕಣ್ಣೆತ್ತಲಿಲ್ಲ. “ತಪ್ಪೇನ್ ಬುಡು. ಯಾರು ಕಟ್ಟಿದ್ರೇನು, ನೀನು ಅಳೋದು ನಿಲ್ಲಿಸ್ದಲ್ಲ.”

“ಎಲ್ಲರ ಮುಂದೆ ಓದಿದ್ದೆ. ಈಗ ತಿದ್ದಿ ಬರೀತೀನಿ.”

“ಬರೀಬೇಡ. ಅಕ್ಕಂಗೆ ನೋವಾಯ್ತದೆ.”

“ಅಮ್ಮ ಇಲ್ವಲ್ಲ ಚಿಕ್ಕಮ್ಮ.”

“ಇಲ್ದಿದ್ರೆ ನೋವಾಗಲ್ವಾ?”

ಎಡಗೈ ಒಂದು ಮಡಿಕೆ ಮುಗಿಸಿ ಇನ್ನೊಂದನ್ನು ಶುರು ಮಾಡಿತು. ಬರೆಯಬೇಡ ಎಂದ ಮಾತನ್ನು ನಾನು ಈಗ ಮೀರುತ್ತಿದ್ದೇನೆ, ಅದು ಸರಿಯೋ ಎಂದು ಗೊತ್ತಿಲ್ಲ. ಅವತ್ತು ಮಾತ್ರ ಅವರ ಮಾತಿಗೆ ಹೂಂ ಎಂದೆ. ಆಮೇಲೆ, ಅಷ್ಟು ದಿನ ಒಳಗೇ ಇಟ್ಟುಕೊಂಡಿದ್ದನ್ನು ಕೇಳಿದೆ.

“ಅಮ್ಮ ಕೆಂಕೆರೇಲಿದ್ದಾಗ ನಾನು ನಿನ್ನ ಏನಂತ ಕರೀತಿದ್ದೆ, ಚಿಕ್ಕಮ್ಮ?”

ಮಡಿಕೆ ಅರ್ಧಕ್ಕೆ ನಿಂತಿತು. ಅಂಗಳದಲ್ಲಿ ಇಳಾ ಒಂದು ಕಾಯಿಯನ್ನು ತಬ್ಬಿಕೊಂಡು, ಅಲ್ಲಾಡಿಸಲಾಗದೆ ಅದರ ಜೊತೆ ತಾನೇ ಅಲ್ಲಾಡುತ್ತಿದ್ದಳು. ಚಿಕ್ಕಮ್ಮ ಅವಳ ಕಡೆ ನೋಡಿ, ಬಿಸಿಲೇರ್ತಾ ಐತೆ, ಮಗೀಗೆ ಟೋಪಿ ಹಾಕು ಎಂದರು. ಮಡಿಕೆಯನ್ನು ಮುಗಿಸಿದರು. ವಾಚನ್ನು ಇಳಾಗಲ್ಲ, ನನ್ನ ಕೈಗೆ ಕಟ್ಟಿದರು.

ಅದು ಈಗ ಒಣಗಿ ಕಂದಾಗಿ ನನ್ನ ಬರೆಯುವ ಮೇಜಿನ ಮೇಲಿದೆ. ಮೊನ್ನೆ ಚಿಕ್ಕಮ್ಮನಿಗೆ ಫೋನ್ ಮಾಡಿದಾಗ ಅದನ್ನೇ ಇನ್ನೊಮ್ಮೆ ಕೇಳಿದೆ. ಅವರು, ಇಳಾ ಊಟ ಸರಿಯಾಗಿ ಮಾಡ್ತಾಳಾ ಎಂದು ಕೇಳಿದರು. ಅಮ್ಮ ಕೆಂಕೆರೆಯಿಂದ ಬಂದ ದಿನ ನನ್ನ ಮುಖವನ್ನು ಬಾಗಿಲ ಕಡೆಗೆ ತಿರುಗಿಸಿ, ಅಮ್ಮ ಅಗೋ ಅಲ್ಲಿ ಎಂದು ಎಷ್ಟು ಸಲ ಹೇಳಿಕೊಡಬೇಕಾಯಿತು ಎಂಬುದನ್ನೂ ಕೇಳಬೇಕೆಂದಿದ್ದೆ. ಕೇಳಲಿಲ್ಲ. ಮೊದಲ ಪ್ರಶ್ನೆಗೇ ಇನ್ನೂ ಉತ್ತರ ಬಂದಿಲ್ಲ.